ಲಾಟ್ಗಾಲೆಯ ಜನಪದ ಕುಂಬಾರನ ಬದುಕು ಮತ್ತು ಕಸುಬು: ಪದೇ ಪದೇ ಕೇಳುವ ಪ್ರಶ್ನೆಗಳು

ಲಾಟ್ಗಾಲೆ ಎಲ್ಲಿದೆ? ಅಲ್ಲಿನ ಕುಂಬಾರಿಕೆಯನ್ನು ಬೇರೆಯಾಗಿಯೇ ಗುರುತಿಸುವುದು ಏಕೆ?

ಬಾಲ್ಟಿಕ್ ಸಮುದ್ರದ ದಂಡೆಯಲ್ಲಿರುವ ಲಾಟ್ವಿಯಾ ದೇಶದ ಪೂರ್ವದ ಅಂಚಿನ ಸೀಮೆಯೇ ಲಾಟ್ಗಾಲೆ. ರಷ್ಯಾ, ಬೆಲಾರೂಸ್, ಲಿಥುವೇನಿಯಾಗಳ ಗಡಿಗೆ ತಾಗಿಕೊಂಡಿರುವ ಈ ನಾಡಿನ ತುಂಬ ಸರೋವರಗಳೂ ಕಾಡುಗಳೂ ಇವೆ. ದೌಗಾವ್‌ಪಿಲ್ಸ್ ಮತ್ತು ರೇಜೆಕ್ನೆ ಇಲ್ಲಿನ ದೊಡ್ಡ ಪಟ್ಟಣಗಳು. ಪ್ರೇಲಿ, ಲುದ್ಜಾ, ಕ್ರಾಸ್ಲಾವಾ ಅವುಗಳಿಗಿಂತ ಚಿಕ್ಕವು.

ಲಾಟ್ವಿಯಾದ ಉಳಿದ ಭಾಗಗಳ ಚರಿತ್ರೆಯೂ ಲಾಟ್ಗಾಲೆಯ ಚರಿತ್ರೆಯೂ ಒಂದೇ ಅಲ್ಲ. 1772ರವರೆಗೆ ಈ ಸೀಮೆ ಪೋಲಿಷ್-ಲಿಥುವೇನಿಯನ್ ಒಕ್ಕೂಟದಲ್ಲಿತ್ತು; ಆಮೇಲೆ ರಷ್ಯಾ ಸಾಮ್ರಾಜ್ಯಕ್ಕೆ ಸೇರಿ ವಿಟೆಬ್ಸ್ಕ್ ಪ್ರಾಂತ್ಯದ ಭಾಗವಾಯಿತು. ಪಶ್ಚಿಮದ ಲಾಟ್ವಿಯನ್ನರು ಬಹುಪಾಲು ಲೂಥರನ್ ಪಂಥದವರಾದರೆ ಇಲ್ಲಿನವರು ಹೆಚ್ಚಾಗಿ ಕ್ಯಾಥೊಲಿಕರು, ಮಾತೂ ಬೇರೆ. ಲಾಟ್ವಿಯಾದ ಬೇರೆ ಸೀಮೆಗಳಾದ ಕುರ್ಜೆಮೆ ಮತ್ತು ವಿದ್ಜೆಮೆಗಳಲ್ಲಿ 1817 ಮತ್ತು 1819ರಲ್ಲಿಯೇ ರೈತರ ಜೀತ ಕೊನೆಗೊಂಡಿತ್ತು. ಲಾಟ್ಗಾಲೆಯ ರೈತ ಅದಕ್ಕಾಗಿ 1861ರವರೆಗೆ ಕಾಯಬೇಕಾಯಿತು. ಅಲ್ಲಿಗೂ ಮುಗಿಯಲಿಲ್ಲ. 1865ರಿಂದ 1904ರವರೆಗೆ ರೋಮನ್ ಲಿಪಿಯಲ್ಲಿ ಪುಸ್ತಕ ಮುದ್ರಿಸುವುದಕ್ಕೂ ಅಲ್ಲಿ ನಿಷೇಧವಿತ್ತು.

ಕುಂಬಾರಿಕೆಯ ಪ್ರಶ್ನೆಗೆ ಉತ್ತರ ಹೇಳಲು ಇಷ್ಟು ಚರಿತ್ರೆ ಬೇಕು. ಹಣದ ಚಲಾವಣೆ ಕಡಿಮೆಯಿದ್ದ, ಕಾರ್ಖಾನೆಯ ಸರಕು ತಡವಾಗಿ ಬಂದ, ಅಡುಗೆಯೆಲ್ಲ ಇಟ್ಟಿಗೆಯ ದೊಡ್ಡ ಒಲೆಯ ಒಡಲಲ್ಲೇ ಆಗುತ್ತಿದ್ದ ಹಳ್ಳಿಗಳಲ್ಲಿ ಮಣ್ಣಿನ ಗಡಿಗೆ ಇಪ್ಪತ್ತನೆಯ ಶತಮಾನದೊಳಕ್ಕೂ ನಿತ್ಯದ ಅಗತ್ಯವಾಗಿಯೇ ಉಳಿಯಿತು. ಬೇರೆ ಕಡೆ ಕುಂಬಾರನ ಕೈ ನಿಂತುಹೋದ ಕಾಲದಲ್ಲಿ ಇಲ್ಲಿ ಅದು ದುಡಿಯುತ್ತಲೇ ಇತ್ತು.

ಅಲ್ಲಿ ಕುಂಬಾರಿಕೆ ಒಂದು ಜಾತಿಯ ಕಸುಬೇ?

ಕನ್ನಡ ಓದುಗರಿಗೆ ಮೊದಲು ಹೊಳೆಯುವ ಪ್ರಶ್ನೆ ಇದೇ ಆಗಿರುವುದು ಸಹಜ. ಅಲ್ಲಿ ಕುಂಬಾರರೆಂಬ ಜಾತಿ ಇರಲಿಲ್ಲ. ಕುಂಬಾರ ಎಂದರೆ ತುಂಡು ಭೂಮಿಯ ರೈತ ಅಥವಾ ಭೂಮಿಯೇ ಇಲ್ಲದ ಹಳ್ಳಿಗ. ಹೊಲದ ದುಡಿಮೆ ಹೊಟ್ಟೆಗೆ ಸಾಲದೆ ಮಣ್ಣಿಗೆ ಕೈಹಾಕಿದವನು. ಹಾಗಿದ್ದರೂ ಕಸುಬು ತಂದೆಯಿಂದ ಮಗನಿಗೆ, ಅಣ್ಣನಿಂದ ತಮ್ಮನಿಗೆ, ನೆರೆಮನೆಯಿಂದ ನೆರೆಮನೆಗೆ ಹರಿಯುತ್ತಿತ್ತು. ಒಳ್ಳೆಯ ಮಣ್ಣು ಸಿಗುವ ಕಡೆ ಕುಂಬಾರರ ಮನೆಗಳು ಒತ್ತಾಗಿರುತ್ತಿದ್ದವು. ಸಿಲಯಾನಿ ಸುತ್ತಿನ ಊರುಗಳು, ಪ್ರೇಲಿಯ ಕಡೆ, ರೇಜೆಕ್ನೆಯ ಹಳ್ಳಿಗಳು ಹೀಗೆ ಹೆಸರಾದವು.

ತಿಗರಿಯ, ಅಂದರೆ ಕುಂಬಾರನ ಚಕ್ರದ, ಮುಂದೆ ಕೂರುತ್ತಿದ್ದವರು ಹಳೆಯ ಕಾಲದಲ್ಲಿ ಬಹುತೇಕ ಗಂಡಸರೇ. ಆದರೆ ಮಣ್ಣು ಹದಮಾಡುವುದರಲ್ಲಿ, ಸೌದೆ ಹೊಂದಿಸುವುದರಲ್ಲಿ, ಒಣಗಿದ ಪಾತ್ರೆಗಳನ್ನು ಎತ್ತಿಡುವುದರಲ್ಲಿ ಮನೆಮಂದಿಯೆಲ್ಲ ಸೇರದೆ ಈ ಕೆಲಸ ಸಾಗುವಂಥದ್ದಲ್ಲ. ಕುಂಬಾರನ ಹೆಸರು ಮಾತ್ರ ಉಳಿದಿರುವ ಕಡೆಗಳಲ್ಲಿ ಇದನ್ನು ನೆನಪಿಡುವುದು ನ್ಯಾಯ.

ಮಣ್ಣು ಎಲ್ಲಿಂದ ಬರುತ್ತದೆ, ಅದನ್ನು ಹೇಗೆ ಹದ ಮಾಡುತ್ತಾರೆ?

ಹಿಮಯುಗದ ಹಿಮರಾಶಿ ಕರಗಿ ಹಿಂದೆ ಸರಿದಾಗ ಬಿಟ್ಟುಹೋದ ಜೇಡಿಮಣ್ಣು ಲಾಟ್ಗಾಲೆಯ ನೆಲದಡಿಯಲ್ಲಿ ಹಲವೆಡೆ ಸಿಗುತ್ತದೆ. ಅದರಲ್ಲಿ ಕಬ್ಬಿಣದ ಅಂಶ ಹೆಚ್ಚು. ಆದ್ದರಿಂದ ಸುಟ್ಟಾಗ ಕೆಂಪಾಗುತ್ತದೆ. ಕುಂಬಾರ ತನ್ನ ಹೊಲದಲ್ಲಿಯೋ ಹತ್ತಿರದ ಗುಂಡಿಯಲ್ಲಿಯೋ ಅಗೆದು, ಮೇಲ್ಮಣ್ಣನ್ನು ಬದಿಗೆ ಸರಿಸಿ, ಬೆರಳಲ್ಲಿ ತೀಡಿ ನೋಡಿ, ಜಿಗುಟು ಸರಿಯಿರುವ ಪದರವನ್ನೇ ಆರಿಸುತ್ತಾನೆ. ಸಾಮಾನ್ಯವಾಗಿ ಚಳಿಗಾಲಕ್ಕೆ ಮುಂಚೆ ಅಗೆದು ಹೊರಗೆ ರಾಶಿ ಹಾಕುವುದು ರೂಢಿ. ಹೆಂಟೆಯೊಳಗಿನ ನೀರು ಹೆಪ್ಪುಗಟ್ಟಿ ಹಿಗ್ಗಿದಾಗ ಮಣ್ಣು ತಾನಾಗಿಯೇ ಬಿರಿಯುತ್ತದೆ. ವಸಂತದಲ್ಲಿ ಅದನ್ನು ನೆನೆಸುವುದು ಸುಲಭ.

ಈ ಮಣ್ಣಿಗೆ ಒಂದು ಕೆಟ್ಟ ಗುಣವಿದೆ. ಅದರಲ್ಲಿ ಸುಣ್ಣದ ಕಲ್ಲಿನ ಚಿಕ್ಕ ಹರಳುಗಳು ಬೆರೆತಿರುತ್ತವೆ. ಆವಿಗೆಯ, ಅಂದರೆ ಪಾತ್ರೆ ಸುಡುವ ಗೂಡಿನ, ಬಿಸಿಗೆ ಹರಳು ಸುಟ್ಟ ಸುಣ್ಣವಾಗುತ್ತದೆ. ಪಾತ್ರೆ ತಣ್ಣಗಾಗಿ ಮನೆ ಸೇರಿದ ಮೇಲೆ ಗಾಳಿಯ ತೇವವನ್ನು ಹೀರಿ ಊದಿಕೊಳ್ಳುತ್ತದೆ. ಒಂದು ದಿನ ಗಡಿಗೆಯ ಮೈಯಿಂದ ಕಾಸಿನಗಲದ ಚಕ್ಕೆ ಹಾರಿ, ಒಳಗೆ ಬಿಳಿಯ ಚುಕ್ಕೆ ಕಾಣಿಸುತ್ತದೆ. ಸುಟ್ಟದ್ದು ಸರಿಯಾಗಿಯೇ ಇದ್ದರೂ ಪಾತ್ರೆ ಹಾಳು. ಇದನ್ನು ತಡೆಯಲು ಕುಂಬಾರ ನೆನೆದ ಮಣ್ಣನ್ನು ಗುಡ್ಡೆ ಮಾಡಿ, ಹರಿತವಾದ ಅಲಗಿನಿಂದ ತೆಳುವಾಗಿ ಹೆರೆಯುತ್ತಾ ಬರುತ್ತಾನೆ. ಅಲಗು ಹರಳಿಗೆ ತಾಗಿದಾಗ ಕಿರ್ ಎನ್ನುವ ಸದ್ದು ಬರುತ್ತದೆ. ಅಲ್ಲೇ ನಿಲ್ಲಿಸಿ ಅದನ್ನು ಹೆಕ್ಕಿ ಎಸೆಯುತ್ತಾನೆ. ಗುಡ್ಡೆಯನ್ನೆಲ್ಲ ಹೀಗೆ ಹೆರೆದು, ತುಳಿದು, ಮತ್ತೆ ಗುಡ್ಡೆ ಮಾಡಿ ಇನ್ನೊಮ್ಮೆ ಹೆರೆಯಬೇಕು. ನೋಡಲು ಬಂದವರ ಕಣ್ಣೆಲ್ಲ ತಿರುಗುವ ತಿಗರಿಯ ಮೇಲೆಯೇ ಇರುತ್ತದೆ. ಆದರೆ ಪಾತ್ರೆಯ ಬಾಳಿಕೆ ನಿರ್ಧಾರವಾಗುವುದು ಯಾರೂ ನೋಡದ ಈ ಹೆರೆಯುವ ಕೆಲಸದಲ್ಲಿ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಯಾವ ಬಗೆಯ ತಿಗರಿ ಬಳಸುತ್ತಾರೆ?

ಹಳೆಯದು ಕೈಯಿಂದ ತಿರುಗಿಸುವ ನಿಧಾನದ ತಿಗರಿ. ಅದರ ಮೇಲೆ ಮಣ್ಣಿನ ಹುರಿಗಳನ್ನು ಸುತ್ತುಸುತ್ತಾಗಿ ಏರಿಸಿ, ಬೆಸೆದು, ನಯಮಾಡುತ್ತಿದ್ದರು. ನಂತರ ಕಾಲಿನಿಂದ ಒದ್ದು ತಿರುಗಿಸುವ ತಿಗರಿ ಬಂತು: ಕೆಳಗೆ ಭಾರವಾದ ದೊಡ್ಡ ಚಕ್ರ, ಮೇಲೆ ಚಿಕ್ಕ ಹಲಗೆ, ನಡುವೆ ಅಚ್ಚು. ಎರಡೂ ಕೈ ಬಿಡುವಾಗಿರುವುದರಿಂದ ಒಂದೇ ಮುದ್ದೆಯಿಂದ ಗೋಡೆಯನ್ನು ಎಳೆದು ಏರಿಸಬಹುದು. ಪಾತ್ರೆ ತೆಳುವಾಗುತ್ತದೆ, ಕೆಲಸ ಬೇಗ ಆಗುತ್ತದೆ. ಇಂದು ವಿದ್ಯುತ್ ತಿಗರಿಯನ್ನು ಬಳಸುವವರೂ ಇದ್ದಾರೆ.

ಯಾವ ಯಾವ ಪಾತ್ರೆಗಳನ್ನು ಮಾಡುತ್ತಿದ್ದರು?

ಲಾಟ್ಗಾಲೆಯ ಕುಂಬಾರನನ್ನು ಅರಿಯಬೇಕಾದರೆ ಇಲ್ಲಿಂದಲೇ ತೊಡಗುವುದು ಒಳ್ಳೆಯದು. ಅವನ ಪಾತ್ರೆಗಳ ಆಕಾರಗಳೆಲ್ಲ ಬಳಕೆಯಿಂದ ಹುಟ್ಟಿದವು. ಅಲಂಕಾರ ಆಮೇಲೆ ಬಂದದ್ದು.

ಎಲ್ಲಕ್ಕೂ ಮೂಲ ವಾರೌನಿಯೆಕ್ಸ್ ಎಂಬ ಅಡುಗೆಯ ಗಡಿಗೆ. ಹೊಟ್ಟೆ ಉಬ್ಬು, ಬುಡ ಕಿರಿದು, ಬಾಯಿ ಅಗಲ. ಒಲೆಯೊಳಗೆ ಕೆಂಡವನ್ನು ಬದಿಗೆ ಸರಿಸಿ ಅದರ ಪಕ್ಕದಲ್ಲಿ ಗಡಿಗೆಯನ್ನು ಇಡುವುದರಿಂದ ಬಿಸಿ ತಗಲುವುದು ಬುಡಕ್ಕಲ್ಲ, ಹೊಟ್ಟೆಗೆ. ಆದ್ದರಿಂದಲೇ ಆ ಉಬ್ಬು. ಎಲೆಕೋಸು, ಬಟಾಣಿ, ಗಂಜಿ ಇದರಲ್ಲಿ ಗಂಟೆಗಟ್ಟಲೆ ಮೆಲ್ಲಗೆ ಬೇಯುತ್ತಿದ್ದವು. ಹಾಲಿಗೆ ಬೇರೆಯೇ ಗಡಿಗೆ. ಜೇನಿಗೆ ಮೆದೌನಿಯೆಕ್ಸ್: ದುಂಡನೆಯ ಮೈ, ಎರಡು ಹಿಡಿ, ಬಾಯಿಗೆ ಸರಿಯಾಗಿ ಕೂರುವ ಮುಚ್ಚಳ. ಕೊಬ್ಬು, ಹಣ್ಣಿನ ಪಾಕಗಳನ್ನು ಕೂಡಿಡಲು ಸ್ಲೊಯ್ನಿಕ್ಸ್ ಎಂಬ ಹಿಡಿಯಿಲ್ಲದ ಎತ್ತರದ ಜಾಡಿ. ಈಗ ಅದರಲ್ಲಿ ಹೂ ಇಡುವವರೇ ಹೆಚ್ಚು. ಎಣ್ಣೆಗೂ ಪಾನೀಯಗಳಿಗೂ ಕಿರುಗಂಠದ ಲ್ಯಾಕಾ. ಇವಲ್ಲದೆ ಬೋಗುಣಿಗಳು, ಹೂಜಿಗಳು, ಒಲೆಯಲ್ಲಿ ಹುರಿಯುವ ತಟ್ಟೆಗಳು.

ಇವುಗಳಲ್ಲಿ ನನಗೆ ಬಹಳ ಇಷ್ಟವಾದದ್ದು ಪಾರೊಸಿಸ್. ಬಾಯಿಯ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಕಮಾನಿನಂತೆ ಬಾಗಿದ ಹಿಡಿಯಿರುವ ಈ ಪಾತ್ರೆ ಹೊಲದಲ್ಲಿ ದುಡಿಯುವವರಿಗೆ ಊಟ ಒಯ್ಯಲು ಮಾಡಿದ್ದು. ಎರಡು ಗಡಿಗೆಗಳನ್ನು ಹೊಟ್ಟೆಗೆ ಹೊಟ್ಟೆ ಅಂಟಿಸಿ, ಮೇಲೆ ಒಂದೇ ಹಿಡಿ ಕೂರಿಸಿದ ಜೋಡಿಪಾತ್ರೆಗಳೂ ಇವೆ; ಒಂದು ಕೈಯಲ್ಲಿ ಎರಡು ಬಗೆಯ ಅಡುಗೆಯನ್ನು ಒಯ್ಯಬಹುದು. ಹೊರಟ ದಾರಿಯುದ್ದಕ್ಕೂ ಪಾತ್ರೆಯ ಭಾರವನ್ನೆಲ್ಲ ಹೊರುವುದು ಆ ಹಿಡಿಯೇ. ಅದನ್ನು ಅಂಟಿಸುವಾಗ ಕುಂಬಾರ ಹಿಡಿಯ ತುದಿಯನ್ನು ಅಂಚಿಗೆ ಒತ್ತಿ, ಹೆಬ್ಬೆರಳಿನಿಂದ ಕೆಳಮುಖವಾಗಿ ತೀಡುತ್ತಾನೆ. ಒಣಗಿ ಸುಟ್ಟ ಮೇಲೂ ಆ ಹೆಬ್ಬೆರಳಿನ ಗುಳಿ ಹಾಗೆಯೇ ಉಳಿದಿರುತ್ತದೆ. ಎಷ್ಟೋ ಹಳೆಯ ಪಾತ್ರೆಗಳಲ್ಲಿ ಮಾಡಿದವನ ಸಹಿ ಇರುವುದಿಲ್ಲ, ಆ ಗುಳಿಯೊಂದೇ ಇರುತ್ತದೆ.

ಮಕ್ಕಳಿಗಾಗಿ ಹಕ್ಕಿಯ, ಕುದುರೆಯ, ಸವಾರನ ಆಕಾರದ ಊದುಪೀಪಿಗಳನ್ನೂ ಮಾಡುತ್ತಿದ್ದರು. ಅವಕ್ಕೆ ಸ್ವಿಲ್‌ಪೌನಿಯೆಕ್ಸ್ ಎಂದು ಹೆಸರು. ಜಾತ್ರೆಯಲ್ಲಿ ಗಡಿಗೆ ಮಾರಾಟವಾಗದಿದ್ದರೂ ಪೀಪಿಗಳು ಖರ್ಚಾಗುತ್ತಿದ್ದವು.

ಲಾಟ್ಗಾಲೆ ಎಂದೊಡನೆ ಕವಲುಗಳಿರುವ ಮೇಣದಬತ್ತಿ ಕಂಬದ ಚಿತ್ರವೇ ಏಕೆ ಕಾಣಿಸುತ್ತದೆ?

ಏಕೆಂದರೆ ಅದು ಬೇರೆಲ್ಲಿಯೂ ಇಷ್ಟು ವೈಭವವಾಗಿ ಬೆಳೆಯಲಿಲ್ಲ. ನಡುವೆ ತಿಗರಿಯ ಮೇಲೆ ಎತ್ತಿದ ಟೊಳ್ಳು ಕಂಬ. ಅದರ ಇಬ್ಬದಿಗೆ ಬಾಗಿ ಏರುವ ತೋಳುಗಳು. ತೋಳಿನ ತುದಿಗಳಲ್ಲಿ ಬತ್ತಿ ನಿಲ್ಲಿಸುವ ಬಟ್ಟಲುಗಳು. ತೋಳುಗಳ ನಡುವೆ ಬಳ್ಳಿಯಂತೆ ಸುತ್ತಿದ ಮಣ್ಣಿನ ಹುರಿಗಳು, ಹೂಗಳು, ಕೆಲವೊಮ್ಮೆ ಹಕ್ಕಿಗಳು. ಮೂರು, ಐದು, ಏಳು ಬತ್ತಿಗಳ ಕಂಬಗಳಿವೆ, ಅದಕ್ಕೂ ದೊಡ್ಡವಿವೆ. ಬಿಡಿಬಿಡಿಯಾಗಿ ಮಾಡಿದ ಭಾಗಗಳನ್ನು ಒಂದೇ ಹದದ ತೇವದಲ್ಲಿ ಬೆಸೆಯಬೇಕು; ತೋಳು ಬೇಗ ಒಣಗಿ ಕಂಬ ಹಸಿಯಾಗಿ ಉಳಿದರೆ ಬೆಸುಗೆಯಲ್ಲೇ ಸೀಳು ಬಿಡುತ್ತದೆ. ಆದ್ದರಿಂದ ಕುಶಲತೆಯ ದೃಷ್ಟಿಯಿಂದ ಇದು ನಿಜಕ್ಕೂ ದೊಡ್ಡ ಕೆಲಸ.

ಆದರೂ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಇಂದು ನಾವು ಕಾಣುವ ಬೃಹತ್ ಕಂಬಗಳು ಬಹುಮಟ್ಟಿಗೆ ಇಪ್ಪತ್ತನೆಯ ಶತಮಾನದ ಪ್ರದರ್ಶನಗಳ, ಪೇಟೆಯ ಗಿರಾಕಿಗಳ, ಉಡುಗೊರೆಗಳ ಲೋಕದಲ್ಲಿ ಬೆಳೆದವು. ಹಳ್ಳಿಯ ಮನೆಯಲ್ಲಿ ದಿನವೂ ಕೈಗೆ ಸಿಗುತ್ತಿದ್ದದ್ದು ಮಸಿ ಹಿಡಿದ ವಾರೌನಿಯೆಕ್ಸ್. ಕಂಬವನ್ನು ಮಾತ್ರ ನೋಡಿ ಈ ಕಸುಬನ್ನು ಅಳೆಯುವವರು ಕುಂಬಾರನ ಬದುಕಿನ ಬಹುಭಾಗವನ್ನು ಬಿಟ್ಟುಬಿಡುತ್ತಾರೆ.

ಆ ಹಸಿರು, ಕಂದು, ಹಳದಿ ಮೆರುಗು ಹೇಗೆ ಬರುತ್ತದೆ?

ಸುಟ್ಟ ಕೆಂಪು ಮಣ್ಣು ನೀರನ್ನು ಹೀರುತ್ತದೆ. ಮೆರುಗು ಎಂದರೆ ಅದರ ಮೇಲೆ ಕರಗಿ ಹರಡುವ ಗಾಜಿನ ತೆಳು ಪದರ. ಲಾಟ್ಗಾಲೆಯ ಕುಂಬಾರರು ಬಹುಕಾಲ ಬಳಸಿದ್ದು ಸೀಸದ ಮೆರುಗು. ಸೀಸವನ್ನು ಕರಗಿಸಿ, ಕಲಕುತ್ತಾ ಬಿಸಿಮಾಡಿದರೆ ಅದು ಬೂದಿಯಂಥ ಪುಡಿಯಾಗುತ್ತದೆ. ಆ ಪುಡಿಗೆ ನುಣ್ಣನೆಯ ಮರಳನ್ನು ಬೆರೆಸಿ ಬೀಸುಕಲ್ಲಿನಲ್ಲಿ ಅರೆಯುತ್ತಿದ್ದರು. ಇದಕ್ಕೆ ತಾಮ್ರದ ಪುಡಿ ಸೇರಿದರೆ ಹಸಿರು, ಕಬ್ಬಿಣದ ಅಂಶ ಸೇರಿದರೆ ಜೇನುಬಣ್ಣದಿಂದ ಕಂದಿನವರೆಗೆ. ಏನನ್ನೂ ಸೇರಿಸದಿದ್ದರೆ ಮೆರುಗು ಹೆಚ್ಚುಕಡಿಮೆ ತಿಳಿಯಾಗಿದ್ದು, ಕೆಳಗಿನ ಮಣ್ಣಿನ ಕೆಂಪು ಎದ್ದು ಕಾಣುತ್ತದೆ.

ಸೀಸಕ್ಕೆ ಕುಂಬಾರರು ಒಲಿದದ್ದಕ್ಕೆ ಕಾರಣವಿದೆ. ಅದು ಕಡಿಮೆ ಬಿಸಿಗೆ ಕರಗುತ್ತದೆ. ಸೌದೆಯ ಸಣ್ಣ ಆವಿಗೆ ಕೊಡಬಲ್ಲ 900ರಿಂದ 1000 ಡಿಗ್ರಿ ಸೆಲ್ಸಿಯಸ್ ಒಳಗೇ ಹರಿದು, ತುಂಬು ಹೊಳಪು ಕೊಡುತ್ತದೆ. ಆವಿಗೆಯೊಳಗೆ ಬಿಸಿ ಎಲ್ಲೆಡೆ ಸಮವಾಗಿರದ ಕಾರಣ ಒಂದೇ ಪಾತ್ರೆಯ ಒಂದು ಮಗ್ಗುಲು ಹಸಿರಾಗಿ ಇನ್ನೊಂದು ಕಂದಿಗೆ ತಿರುಗುವುದುಂಟು. ಮೆರುಗು ಇಳಿದು ಬುಡದ ಹತ್ತಿರ ದಪ್ಪ ಹನಿಯಾಗಿ ನಿಂತಿರುವುದನ್ನೂ ನೋಡಬಹುದು.

ಅಲಂಕಾರಕ್ಕೆ ಬಿಳಿ ಜೇಡಿಯ ತಿಳಿಯನ್ನು ಹಸಿ ಪಾತ್ರೆಯ ಮೇಲೆ ಸುರಿದು ಗೆರೆ, ಅಲೆ, ಚುಕ್ಕೆ, ಹೂದಳಗಳನ್ನು ಎಳೆಯುತ್ತಾರೆ. ಇಲ್ಲವೇ ಮೊನೆಯಿಂದ ಗೀರುತ್ತಾರೆ. ತಿಗರಿ ತಿರುಗುತ್ತಿರುವಾಗಲೇ ಕಡ್ಡಿಯನ್ನು ತಾಗಿಸಿ ಮೇಲೆ ಕೆಳಗೆ ಆಡಿಸಿದರೆ ಅಲೆಯ ಗೆರೆ ತಾನಾಗಿ ಮೂಡುತ್ತದೆ.

ಸೀಸವು ವಿಷ. ಅದರ ಪುಡಿಯನ್ನು ಅರೆದು, ಉಸಿರಾಡಿ ಬದುಕಿದವರ ಮೈಗೆ ಅದು ಹಾನಿ ಮಾಡುವಂಥದ್ದು. ಹುಳಿ ಪದಾರ್ಥವಿಟ್ಟರೆ ಮೆರುಗಿನಿಂದ ಸೀಸ ಊಟಕ್ಕೂ ಇಳಿಯಬಲ್ಲದು. ಹಳೆಯ ಪಾತ್ರೆಗಳ ಸೊಬಗನ್ನು ಹೊಗಳುವಾಗ ಇದನ್ನು ಮುಚ್ಚಿಡಬಾರದು. ಇಂದಿನವರು ಊಟದ ಪಾತ್ರೆಗಳಿಗೆ ಸೀಸವಿಲ್ಲದ ಮೆರುಗನ್ನು ಬಳಸುತ್ತಾರೆ.

ಆವಿಗೆ ಸುಡುವ ಕೆಲಸ ಹೇಗೆ ನಡೆಯುತ್ತದೆ?

ಅಲ್ಲಿನ ಆವಿಗೆಗೆ ತ್ಸೆಪ್ಲಿಸ್ ಎನ್ನುತ್ತಾರೆ. ಕಲ್ಲು, ಇಟ್ಟಿಗೆ, ಜೇಡಿಮಣ್ಣಿನಿಂದ ಕಟ್ಟಿದ, ಬಿಸಿ ಪೋಲಾಗದಂತೆ ಅರ್ಧ ನೆಲದೊಳಗೆ ಹುದುಗಿದ ಗುಂಡಗಿನ ರಚನೆ ಅದು. ಕೆಳಗೆ ಬೆಂಕಿಯ ಬಾಯಿ, ಮೇಲೆ ತೂತುಗಳಿರುವ ಹಾಸು, ಹಾಸಿನ ಮೇಲೆ ಪಾತ್ರೆಗಳು. ತುಂಬಿಸುವುದೇ ಒಂದು ವಿದ್ಯೆ. ದೊಡ್ಡವು ಕೆಳಗೆ, ಅವುಗಳ ಸಂದಿನಲ್ಲಿ ಮತ್ತು ಒಡಲಿನಲ್ಲಿ ಚಿಕ್ಕವು. ಮೆರುಗು ಹಚ್ಚಿದ ಮೈಗಳು ಒಂದಕ್ಕೊಂದು ತಾಗಿದರೆ ಕರಗಿ ಅಂಟಿಕೊಳ್ಳುವುದರಿಂದ ಎಚ್ಚರಿಕೆ ಬೇಕು. ಎಲ್ಲವನ್ನೂ ಜೋಡಿಸಿದ ಮೇಲೆ ಮೇಲ್ಭಾಗವನ್ನು ಹಳೆಯ ಒಡಕು ಬೋಕಿಗಳಿಂದ ಮುಚ್ಚುತ್ತಾರೆ.

ಮೊದಲ ಗಂಟೆಗಳಲ್ಲಿ ಬೆಂಕಿ ಸಣ್ಣದಾಗಿರಬೇಕು. ಒಣಗಿದಂತೆ ಕಾಣುವ ಪಾತ್ರೆಯಲ್ಲೂ ನೀರಿರುತ್ತದೆ. ಅದು ಒಮ್ಮೆಗೇ ಆವಿಯಾದರೆ ಗೋಡೆ ಸಿಡಿಯುತ್ತದೆ, ಸಿಡಿದ ಒಂದು ಗಡಿಗೆ ಪಕ್ಕದ ನಾಲ್ಕನ್ನು ಕೆಡಿಸುತ್ತದೆ. ಬೋಕಿಗಳ ಮೇಲೆ ಹಿಡಿದ ತಣ್ಣನೆಯ ಕಬ್ಬಿಣಕ್ಕೆ ತೇವ ಕೂರುವುದು ನಿಂತಿತೆಂದರೆ ಒಳಗಿನ ನೀರು ಹೋಯಿತೆಂದು ತಿಳಿಯಬಹುದು. ಆಮೇಲೆ ಸೌದೆ ಹೆಚ್ಚುತ್ತದೆ. 573 ಡಿಗ್ರಿಯ ಆಸುಪಾಸಿನಲ್ಲಿ ಮಣ್ಣಿನೊಳಗಿನ ಮರಳಿನ ಕಣಗಳು ತಟ್ಟನೆ ಹಿಗ್ಗುತ್ತವೆ; ಆ ಸಂಖ್ಯೆ ಹಳೆಯ ಕುಂಬಾರನಿಗೆ ಗೊತ್ತಿರಲಿಲ್ಲ, ಆದರೆ ಅಲ್ಲಿ ಅವಸರ ಸಲ್ಲದೆಂಬುದು ಗೊತ್ತಿತ್ತು. ಕೊನೆಯ ಘಟ್ಟದಲ್ಲಿ ಬೇಗ ಹತ್ತಿ ಉದ್ದನೆಯ ಜ್ವಾಲೆ ಕೊಡುವ ಒಣ ಸೀಳುಗಳನ್ನು ಬಿಡದೆ ಉಣಿಸುತ್ತಾರೆ.

ಅಳೆಯುವ ಉಪಕರಣ ಕಣ್ಣೊಂದೇ. ಮಂಕು ಕೆಂಪು ಚೆರ್ರಿ ಹಣ್ಣಿನ ಕೆಂಪಾಗಿ, ಕಿತ್ತಳೆಯಾಗಿ, ಹಳದಿಯತ್ತ ಸರಿಯುವುದನ್ನು ಬೋಕಿಗಳ ಸಂದಿನಿಂದ ನೋಡುತ್ತಾ ಕುಂಬಾರ ರಾತ್ರಿಯಿಡೀ ಎಚ್ಚರವಿರುತ್ತಾನೆ. ಬೆಂಕಿಯ ಬಣ್ಣ ಹಗಲಿಗಿಂತ ಕತ್ತಲಲ್ಲಿ ಚೆನ್ನಾಗಿ ತಿಳಿಯುತ್ತದೆ. ಮೆರುಗು ಕರಗಿದಾಗ ಪಾತ್ರೆಗಳ ಮೈ ಒದ್ದೆಯಾದಂತೆ ಹೊಳೆಯುತ್ತದೆ. ಆಗ ಬೆಂಕಿಯ ಬಾಯನ್ನು ಮುಚ್ಚಿ ಬಿಡುತ್ತಾರೆ. ನಿಧಾನವಾಗಿ ತಣಿದ ಮೇಲಷ್ಟೇ ತೆರೆಯುವುದು. ಬೇಗ ತೆರೆದರೆ ತಣ್ಣನೆ ಗಾಳಿ ನುಗ್ಗಿ ಪಾತ್ರೆಗಳು ಸೀಳುತ್ತವೆ.

ಕಪ್ಪು ಪಾತ್ರೆಗಳಿಗೆ ಬಣ್ಣ ಹಚ್ಚಿರುತ್ತಾರೆಯೇ?

ಇಲ್ಲ. ಅದು ಹೊಗೆಯ ಕೆಲಸ. ಸುಡುವಿಕೆಯ ಕೊನೆಯಲ್ಲಿ ಅಂಟು ತುಂಬಿದ ಸೌದೆಯನ್ನು ತುರುಕಿ, ಆವಿಗೆಯ ಬಾಯಿ, ಮೇಲ್ಭಾಗ, ಸಂದುಗಳನ್ನೆಲ್ಲ ಮಣ್ಣಿನಿಂದ ಬಿಗಿಯಾಗಿ ಮೆತ್ತಿಬಿಡುತ್ತಾರೆ. ಒಳಗೆ ಗಾಳಿಯಿಲ್ಲದೆ ದಟ್ಟ ಹೊಗೆ ತುಂಬಿ, ಅದರ ಇಂಗಾಲ ಪಾತ್ರೆಯ ರಂಧ್ರಗಳಿಗೆ ಇಳಿಯುತ್ತದೆ. ಆಮ್ಲಜನಕ ಸಾಲದೆ ಮಣ್ಣಿನೊಳಗಿನ ಕಬ್ಬಿಣವೂ ಕೆಂಪಿನಿಂದ ಕಪ್ಪಿಗೆ ತಿರುಗುತ್ತದೆ. ಹಸಿ ಪಾತ್ರೆ ಅರೆ ಒಣಗಿದಾಗ ನುಣುಪು ಕಲ್ಲಿನಿಂದ ಉಜ್ಜಿದ್ದ ಜಾಗಗಳು ಸುಟ್ಟ ಮೇಲೆ ಕಬ್ಬಿಣದಂತೆ ಮಿರುಗುತ್ತವೆ.

ಮೆರುಗಿನ ಪಾತ್ರೆಗಿಂತ ಈ ವಿಧಾನ ಹಳೆಯದು. ಹತ್ತೊಂಬತ್ತನೆಯ ಶತಮಾನದ ಕೊನೆಯ ವೇಳೆಗೆ ಹೊಳೆಯುವ ಮೆರುಗು ಗಿರಾಕಿಗಳನ್ನು ಸೆಳೆದಂತೆ ಕಪ್ಪು ಪಾತ್ರೆ ಹಿಂದೆ ಬಿತ್ತು. ಅದನ್ನು ಮತ್ತೆ ಎತ್ತಿಕೊಂಡವರು ಸೋವಿಯತ್ ಆಳ್ವಿಕೆಯ ಕೊನೆಯ ಕಾಲದ ಕುಂಬಾರರು. 1990ರಲ್ಲಿ ರೂಪುಗೊಂಡ ಪೂದ್ನೀಕು ಸ್ಕೂಲಾ ಎಂಬ ಕುಂಬಾರರ ಕೂಟ ಹಳೆಯ ಆಕಾರಗಳನ್ನು, ಕಾಲಿನ ತಿಗರಿಯನ್ನು, ಸೌದೆಯ ಆವಿಗೆಯನ್ನು, ಹೊಗೆಯ ಸುಡುವಿಕೆಯನ್ನು ಮರಳಿ ರೂಢಿಗೆ ತರುವುದನ್ನೇ ತನ್ನ ಕೆಲಸ ಮಾಡಿಕೊಂಡಿತು.

ಪಾತ್ರೆಗಳನ್ನು ಹೇಗೆ ಮಾರುತ್ತಿದ್ದರು?

ಕುದುರೆ ಗಾಡಿಯಲ್ಲಿ ಹುಲ್ಲು ಹಾಸಿ, ಗಡಿಗೆಗಳನ್ನು ಅದರಲ್ಲಿ ಹುದುಗಿಸಿ, ಜಾತ್ರೆ ಸಂತೆಗಳಿಗೂ ಹಳ್ಳಿಹಳ್ಳಿಗೂ ಹೊರಡುತ್ತಿದ್ದರು. ಹಣಕ್ಕಿಂತ ಧಾನ್ಯದ ವಿನಿಮಯವೇ ಹೆಚ್ಚು. ಗಡಿಗೆ ಹಿಡಿಯುವಷ್ಟು ಕಾಳು ಕೊಟ್ಟರೆ ಗಡಿಗೆ ಕೊಂಡವರದು ಎಂಬ ರೂಢಿಯ ಮಾತು ಆ ಸೀಮೆಗಳಲ್ಲಿ ಕೇಳಿಬರುತ್ತದೆ. ಕೊಳ್ಳುವ ಗೃಹಿಣಿ ಬೆರಳ ಗೆಣ್ಣಿನಿಂದ ತಟ್ಟಿ ಸದ್ದು ಕೇಳುತ್ತಿದ್ದಳು. ಗಂಟೆಯಂತೆ ಮೊಳಗಿದರೆ ಸರಿ. ಬೊದ್ದು ಸದ್ದು ಬಂದರೆ ಎಲ್ಲೋ ಸೀಳಿದೆ. ಸೀಳಿದ ಗಡಿಗೆಯನ್ನೂ ಮನೆಯವರು ಎಸೆಯುತ್ತಿರಲಿಲ್ಲ. ಬರ್ಚ್ ಮರದ ತೊಗಟೆಯ ಪಟ್ಟಿಗಳನ್ನು ಸುತ್ತಲೂ ಹೆಣೆದು ಬಿಗಿದು, ಒಣ ಪದಾರ್ಥ ತುಂಬಿಡಲು ಬಳಸುತ್ತಿದ್ದರು.

ಹೆಸರಾಂತ ಕುಂಬಾರರು ಯಾರು?

ಸಿಲಯಾನಿಯ ಆಂದ್ರೇಯ್ಸ್ ಪೌಲಾನ್ಸ್ ಅವರ ಹೆಸರನ್ನು ಮೊದಲು ಹೇಳಬೇಕು. 1896ರಲ್ಲಿ ಹುಟ್ಟಿ 1973ರಲ್ಲಿ ತೀರಿಕೊಂಡ ಅವರು ಒಂದೇ ಬಾಳಿನಲ್ಲಿ ರಷ್ಯಾ ಸಾಮ್ರಾಜ್ಯ, ಸ್ವತಂತ್ರ ಲಾಟ್ವಿಯಾ, ಎರಡು ಮಹಾಯುದ್ಧಗಳು, ಸೋವಿಯತ್ ಆಳ್ವಿಕೆ ಎಲ್ಲವನ್ನೂ ಕಂಡವರು. ಹಳ್ಳಿಗೆ ಗಡಿಗೆ ಮಾಡುತ್ತಿದ್ದ ಕೈಯೇ ಕವಲೊಡೆದ ಮೇಣದಬತ್ತಿ ಕಂಬಗಳನ್ನು ಕಲಾಕೃತಿಯ ಮಟ್ಟಕ್ಕೆ ಏರಿಸಿತು. 1937ರ ಪ್ಯಾರಿಸ್ ವಿಶ್ವ ಪ್ರದರ್ಶನದಲ್ಲಿ ಪೌಲಾನ್ಸ್, ಪೊಲಿಕಾರ್ಪ್ಸ್ ವಿಲ್ತ್ಸಾನ್ಸ್ ಮೊದಲಾದ ಲಾಟ್ಗಾಲೆಯ ಕುಂಬಾರರ ಕೃತಿಗಳಿಗೆ ಚಿನ್ನದ ಪದಕ ಬಂತು. ರಾಜಧಾನಿ ರೀಗಾದ ಸುಶಿಕ್ಷಿತರು ಅಲ್ಲಿಯವರೆಗೆ ಬಡತನದ ಗುರುತೆಂದು ಕಾಣುತ್ತಿದ್ದ ಹಳ್ಳಿಯ ಮಣ್ಣಿನ ಕೆಲಸವನ್ನು ದೇಶದ ಹೆಮ್ಮೆಯೆಂದು ನೋಡಲು ಇಂಥ ಮನ್ನಣೆಗಳು ನೆರವಾದವು.

ಮುಂದಿನ ತಲೆಮಾರಿನಲ್ಲಿ ಪ್ರೇಲಿಯ ಪೊಲಿಕಾರ್ಪ್ಸ್ ಚೆರ್ನ್ಯಾವ್‌ಸ್ಕಿಸ್ ದೊಡ್ಡ ಹೆಸರು. 1923ರಿಂದ 1997ರವರೆಗೆ ಬದುಕಿದ ಅವರು ಸೋವಿಯತ್ ಕಾಲದ ಉದ್ದಕ್ಕೂ ಕಸುಬನ್ನು ಕೈಬಿಡದೆ, ಸ್ವಾತಂತ್ರ್ಯ ಮರಳಿದ ದಿನಗಳನ್ನೂ ಕಂಡರು.

ಸೋವಿಯತ್ ಕಾಲದಲ್ಲಿ ಕುಂಬಾರನ ಸ್ಥಿತಿ ಏನಾಯಿತು?

ಎರಡು ಮುಖಗಳಿವೆ. 1949ರ ಮಾರ್ಚ್‌ನಲ್ಲಿ ಲಾಟ್ವಿಯಾದಿಂದ 40,000ಕ್ಕೂ ಹೆಚ್ಚು ಜನರನ್ನು ಸೈಬೀರಿಯಾದ ಕಡೆಗೆ ಗಡೀಪಾರು ಮಾಡಲಾಯಿತು. ಭೂಮಿ ಸಾಮೂಹಿಕ ಕೃಷಿಗೆ ಸೇರಿತು. ಸ್ವಂತ ಹೊಲ, ಸ್ವಂತ ಕುದುರೆ, ಸ್ವಂತ ಗಾಡಿಯನ್ನು ನೆಚ್ಚಿದ್ದ ಕುಂಬಾರನ ಹಳೆಯ ಬದುಕು ಅಲ್ಲಿಗೆ ಮುರಿಯಿತು. ಅಲ್ಯೂಮಿನಿಯಂ ಮತ್ತು ಎನಾಮಲ್ ಪಾತ್ರೆಗಳು ಅಡುಗೆಮನೆಗೆ ಬಂದು ವಾರೌನಿಯೆಕ್ಸಿನ ಕೆಲಸವನ್ನೂ ಕಿತ್ತುಕೊಂಡವು.

ಇನ್ನೊಂದು ಕಡೆ, ಜನಪದ ಕಲೆ ಎಂಬ ಹೆಸರಿನಲ್ಲಿ ಸರಕಾರವೇ ಕುಂಬಾರರಿಗೆ ಬಿರುದು ಕೊಟ್ಟಿತು, ಪ್ರದರ್ಶನಗಳಿಗೆ ಕರೆಯಿತು, ದಾಯ್ಲ್‌ರಾದೆಯಂಥ ಕರಕುಶಲ ಸಂಸ್ಥೆಗಳ ಮೂಲಕ ಅವರ ಕೃತಿಗಳನ್ನು ಮಾರಿತು. 1959ರಲ್ಲಿ ರೇಜೆಕ್ನೆಯಲ್ಲಿ ಅನ್ವಯಿಕ ಕಲೆಯ ಶಾಲೆ ಆರಂಭವಾಗಿ, ಮನೆಯ ಅಂಗಳದಲ್ಲಿ ಕಲಿಯುತ್ತಿದ್ದ ವಿದ್ಯೆ ತರಗತಿಗೂ ಬಂತು. ಹೆಣ್ಣುಮಕ್ಕಳೂ ತಿಗರಿಯ ಮುಂದೆ ಕುಳಿತರು. ಇದರ ಫಲವಾಗಿ ಕಸುಬು ಸಾಯಲಿಲ್ಲ. ಆದರೆ ಗಡಿಗೆಗಿಂತ ಹೂದಾನಿಗೆ, ಬಳಕೆಗಿಂತ ನೋಟಕ್ಕೆ ತೂಕ ಹೆಚ್ಚಿತು. ಆ ಕಾಲದ ಕುಂಬಾರರನ್ನು ಇದಕ್ಕಾಗಿ ದೂರುವುದು ಸರಿಯಲ್ಲ. ಕೊಳ್ಳುವವರು ಕೇಳಿದ್ದನ್ನು ಮಾಡಿಯೇ ಅವರು ತಿಗರಿಯನ್ನು ನಿಲ್ಲದಂತೆ ನೋಡಿಕೊಂಡರು.

ಹಾಗಾದರೆ ಇಂದಿನ ಕೆಲಸವನ್ನು ಸಾಂಪ್ರದಾಯಿಕ ಎನ್ನಬಹುದೇ?

ಎನ್ನಬಹುದು, ಎನ್ನಬೇಕು. ಸಂಪ್ರದಾಯವೆಂದರೆ ಬದಲಾಗದೆ ನಿಂತದ್ದು ಎಂದು ತಿಳಿದವರಿಗೆ ಮಾತ್ರ ಇಲ್ಲಿ ತೊಡಕು ಕಾಣಿಸುತ್ತದೆ. ಲಾಟ್ಗಾಲೆಯ ಕುಂಬಾರ ಎಂದೂ ನಿಂತಲ್ಲೇ ನಿಂತವನಲ್ಲ. ಕೈ ತಿಗರಿ ಹೋಗಿ ಕಾಲಿನ ತಿಗರಿ ಬಂದಾಗ, ಹೊಗೆಯ ಕಪ್ಪು ಹೋಗಿ ಸೀಸದ ಮೆರುಗು ಬಂದಾಗ, ಗಡಿಗೆಯ ಪಕ್ಕದಲ್ಲಿ ಮೇಣದಬತ್ತಿ ಕಂಬ ಎದ್ದಾಗ, ಪ್ರತಿ ಸಲವೂ ಅವನು ಬದಲಾಗಿದ್ದಾನೆ. ಮುಂದುವರಿದದ್ದು ಆ ಮಣ್ಣಿನ ಪರಿಚಯ, ಕೈಯ ಅಳತೆ, ಬೆಂಕಿಯನ್ನು ಓದುವ ಕಣ್ಣು. ಪೂದ್ನೀಕು ಸ್ಕೂಲಾದವರು ಹಳೆಯದನ್ನು ಮತ್ತೆ ಕಲಿತು ಮಾಡಿದ್ದರಿಂದ ಅದು ಅಪ್ಪಟವಲ್ಲ ಎಂಬ ಆಕ್ಷೇಪವನ್ನು ನಾನು ಒಪ್ಪುವುದಿಲ್ಲ. ತಂದೆಯಿಂದ ಬರದಿದ್ದರೆ ಅಜ್ಜನ ಪಾತ್ರೆಯನ್ನೇ ತಿರುವಿ ನೋಡಿ ಕಲಿಯುವುದೂ ಕಲಿಕೆಯೇ. ಲಾಟ್ವಿಯಾದ ಸಾಂಸ್ಕೃತಿಕ ಪರಂಪರೆಯ ಅಧಿಕೃತ ಪಟ್ಟಿಯಾದ ಸಂಸ್ಕೃತಿ ಕ್ಯಾನನ್‌ನಲ್ಲಿ ಲಾಟ್ಗಾಲೆಯ ಕುಂಬಾರಿಕೆಗೂ ಸ್ಥಾನ ಸಿಕ್ಕಿದೆ.

ಕೊಂಡ ಪಾತ್ರೆಯನ್ನು ಅಡುಗೆಗೆ ಬಳಸಬಹುದೇ?

ಹೊಸದಾಗಿದ್ದರೆ ಮಾಡಿದವರನ್ನೇ ಕೇಳಿ. ಯಾವ ಮೆರುಗು, ಯಾವ ಬಳಕೆಗೆ ಎಂಬುದನ್ನು ಅವರು ಹೇಳುತ್ತಾರೆ. ಹಳೆಯ ಮೆರುಗಿನ ಪಾತ್ರೆಯನ್ನು ಊಟಕ್ಕೆ, ಅದರಲ್ಲೂ ಉಪ್ಪಿನಕಾಯಿ, ಮೊಸರು, ಹುಣಸೆಯಂಥ ಹುಳಿ ಪದಾರ್ಥಗಳಿಗೆ, ಖಂಡಿತ ಬಳಸಬೇಡಿ. ಸೌದೆಯ ಆವಿಗೆಯಲ್ಲಿ ಸುಟ್ಟ ಗಡಿಗೆ ಒಲೆಯೊಳಗಿನ ಸುತ್ತಲಿನ ಬಿಸಿಗಾಗಿ ಮಾಡಿದ್ದು. ಗ್ಯಾಸ್ ಒಲೆಯ ಉರಿಗೆ ನೇರವಾಗಿ ಇಟ್ಟರೆ ಬುಡ ಸೀಳಬಹುದು. ತಣ್ಣನೆಯ ಓವನ್ನಿನಲ್ಲಿಟ್ಟು ನಿಧಾನವಾಗಿ ಬಿಸಿಯೇರಿಸುವುದು ಸುರಕ್ಷಿತ. ಕಪ್ಪು ಪಾತ್ರೆಗೆ ಮೆರುಗಿಲ್ಲದ ಕಾರಣ ದ್ರವ ಸ್ವಲ್ಪ ಜಿನುಗಬಹುದು. ಮೊದಲ ಬಾರಿ ಹಾಲನ್ನು ಕಾಯಿಸಿ ರಂಧ್ರಗಳನ್ನು ತುಂಬಿಸುವ ಪದ್ಧತಿ ಹಲವು ನಾಡುಗಳಲ್ಲಿದೆ.

ಈ ಕೆಲಸವನ್ನು ಎಲ್ಲಿ ನೋಡಬಹುದು?

ರೇಜೆಕ್ನೆಯಲ್ಲಿರುವ ಲಾಟ್ಗಾಲೆ ಸಂಸ್ಕೃತಿ ಮತ್ತು ಚರಿತ್ರೆಯ ವಸ್ತುಸಂಗ್ರಹಾಲಯದಲ್ಲಿ ಕುಂಬಾರಿಕೆಗೆ ಮೀಸಲಾದ ದೊಡ್ಡ ಸಂಗ್ರಹವಿದೆ. ಹಳೆಯ ಆಕಾರಗಳನ್ನು ಸಾಲಾಗಿ ಹೋಲಿಸಿ ನೋಡಲು ಅದೇ ಸೂಕ್ತ ಜಾಗ. ಸಿಲಯಾನಿಯಲ್ಲಿ ಪೌಲಾನ್ಸ್ ಅವರ ಮನೆಯನ್ನೂ ಪ್ರೇಲಿಯಲ್ಲಿ ಚೆರ್ನ್ಯಾವ್‌ಸ್ಕಿಸ್ ಅವರ ಮನೆಯನ್ನೂ ನೆನಪಿಗಾಗಿ ಉಳಿಸಿದ್ದಾರೆ. ಲಾಟ್ವಿಯಾದ ಮಹಾಕವಿ ರೈನಿಸ್ ಯೌವನದ ದಿನಗಳನ್ನು ಕಳೆದ ಯಾಸ್‌ಮುಯಿಜಾದಲ್ಲಿ ಕವಿಯ ವಸ್ತುಸಂಗ್ರಹಾಲಯದ ಜೊತೆಗೆ ಕುಂಬಾರಿಕೆಯ ಪ್ರದರ್ಶನವೂ ಇದೆ. ದೌಗಾವ್‌ಪಿಲ್ಸಿನ ಮಣ್ಣಿನ ಕಲಾ ಕೇಂದ್ರದಲ್ಲಿ ಕುಂಬಾರರು ಕೆಲಸ ಮಾಡುವುದನ್ನು ಎದುರಿಗೇ ನೋಡಬಹುದು.

ಲಾಟ್ಗಾಲೆಯವರೆಗೆ ಹೋಗಲಾಗದವರು ಜೂನ್ ತಿಂಗಳ ಮೊದಲ ವಾರಾಂತ್ಯದಲ್ಲಿ ರೀಗಾದ ಬಯಲು ಜನಾಂಗ ವಸ್ತುಸಂಗ್ರಹಾಲಯದ ಆವರಣದಲ್ಲಿ 1971ರಿಂದ ನಡೆದುಬಂದಿರುವ ಕರಕುಶಲ ಸಂತೆಗೆ ಹೋಗಬಹುದು. ದೇಶದ ಎಲ್ಲ ಸೀಮೆಗಳ ಕಸುಬುದಾರರು ಅಲ್ಲಿ ಸೇರುತ್ತಾರೆ, ಲಾಟ್ಗಾಲೆಯ ಕುಂಬಾರರೂ ಬರುತ್ತಾರೆ. ಮೇಣದಬತ್ತಿ ಕಂಬಗಳ ಹಿಂದೆ ಅಡುಗೆಯ ಗಡಿಗೆಗಳನ್ನು ಇಟ್ಟಿರುತ್ತಾರೆಯೇ ಎಂದು ಕೇಳಿ ನೋಡಿ, ಕೈಯಲ್ಲಿ ಹಿಡಿದು ತಟ್ಟಿ ಸದ್ದು ಕೇಳಿ. ಅಂಗಡಿಯವರು ಬೇಸರ ಪಡುವುದಿಲ್ಲ, ಕೊಳ್ಳುವವರು ಅಲ್ಲಿ ಹಾಗೆಯೇ ಮಾಡುತ್ತಾರೆ.